ಸೀನಿದರೆ ಮೂತ್ರ ಸೋರುತ್ತಾ? ಯಾವ ಬಗೆ ಅಂತ ಮೊದಲು ತಿಳಿಯಿರಿ

ಹೆರಿಗೆಯಾಗಿ ಎಂಟು ತಿಂಗಳಾದರೂ ಸೀನಿದರೆ, ಜೋರಾಗಿ ನಕ್ಕರೆ ನನಗೆ ಮೂತ್ರ ಸೋರುತ್ತಿತ್ತು. ‘ಹೆತ್ತವರಿಗೆಲ್ಲ ಇದ್ದದ್ದೇ ಬಿಡೇ’ ಅಂದರು ಅತ್ತೆ. ‘ತುಂಬಾ ಜನಕ್ಕೆ ಇರೋದು ನಿಜ, ಹಾಗಂತ ಸಹಿಸಿಕೊಂಡು ಇರಬೇಕಿಲ್ಲ’ ಅಂದರು ಡಾಕ್ಟರ್.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಸೋರುವುದು ಒಂದು. ಮೂತ್ರಕೋಶಕ್ಕೆ ಕೆಳಗಿನಿಂದ ಆಸರೆ ಕೊಡುವ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಸಡಿಲವಾದರೆ ಹೀಗಾಗುತ್ತೆ. ತಟ್ಟನೆ ಅವಸರವಾಗಿ, ಬಾತ್‌ರೂಮ್ ತಲುಪುವ ಮೊದಲೇ ಹೋಗಿಬಿಡುವುದು ಇನ್ನೊಂದು. ಇಲ್ಲಿ ಮೂತ್ರಕೋಶ ತುಂಬುವ ಮುನ್ನವೇ ಹಿಂಡುತ್ತೆ. ಕೆಲವರಿಗೆ ಎರಡೂ ಇರುತ್ತೆ.

ನನ್ನದು ಮೊದಲನೆಯದು. ಅಮೆರಿಕದ ಡಾ. ಆರ್ನಾಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕಲಿಸಿದರು. ಗಾಳಿ ಹೋಗದಂತೆ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಮೇಲಕ್ಕೆಳೆದು, ಕೆಲವು ಸೆಕೆಂಡ್ ಹಿಡಿದು, ಪೂರ್ತಿ ಸಡಿಲಿಸಬೇಕು. ಉಸಿರು ಬಿಗಿಹಿಡಿಯಬಾರದು. ಒಂದು ಹೊತ್ತಿಗೆ 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಮೀಟಿಂಗ್‌ನಲ್ಲಿ ಕೂತೇ ಮಾಡಿದೆ, ಯಾರಿಗೂ ಗೊತ್ತಾಗಲ್ಲ! ನಾಲ್ಕನೇ ತಿಂಗಳಿಗೆ ಪ್ಯಾಡ್ ಬಿಟ್ಟೆ. ವ್ಯಾಯಾಮ ಸಾಲದವರಿಗೆ ಶಸ್ತ್ರಚಿಕಿತ್ಸೆಯೂ ಇದೆ.

ಅವಸರದ ಬಗೆಗೆ ದಾರಿ ಬೇರೆ: ಬಾತ್‌ರೂಮಿಗೆ ಹೋಗುವ ಅಂತರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವ ಅಭ್ಯಾಸ, ಕಾಫಿ-ಟೀ ಕಡಿಮೆ, ಬೇಕಾದರೆ ಮಾತ್ರೆ.

ಸೋರುತ್ತೆ ಅಂತ ನೀರು ಕುಡಿಯೋದು ಬಿಡಬೇಡಿ. ಉರಿ, ರಕ್ತ ಕಂಡರೆ ತಡಮಾಡದೆ ತೋರಿಸಿ.

ಡಾಕ್ಟರ್ ಹತ್ತಿರ ಹೋಗುವ ಮೊದಲು 3 ದಿನ ಫೋನ್‌ನಲ್ಲೇ ಬರೆದಿಡಿ: ಎಷ್ಟು ಕುಡಿದಿರಿ, ಯಾವಾಗ ಹೋದಿರಿ, ಏನು ಮಾಡುವಾಗ ಸೋರಿತು. ಬಾಯಿಬಿಟ್ಟು ಹೇಳೋಕೆ ಸಂಕೋಚವಾದರೆ ಅದನ್ನೇ ತೋರಿಸಿ, ಅರ್ಧ ಕೆಲಸ ಮುಗೀತು.