ಒಂದು ಚೀಲದಲ್ಲಿ 3 ಎಕರೆ 28 ಗುಂಟೆ

ಸಿಮೆಂಟಿನ ಚೀಲ ಹೊತ್ತು ಏಣಿ ಹತ್ತುವವನ ಹೆಗಲ ಮೇಲೆ ಎಷ್ಟು ನೆಲ ಇರುತ್ತದೆ ಎಂದು ಲೆಕ್ಕ ಹಾಕಿದ್ದೀರಾ? ತೂಕ 50 ಕಿಲೋ, ಅದು ಎಲ್ಲರಿಗೂ ಗೊತ್ತು. ಹಳ್ಳಿಯ ಮನೆಗಳಿಗೆ ಈಗ ಹೆಚ್ಚಾಗಿ ಬರುವುದು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು. ಅದು ಎಷ್ಟು ನುಣ್ಣಗಿರಬೇಕು ಎಂಬುದಕ್ಕೆ ಭಾರತೀಯ ಮಾನಕದಲ್ಲಿ ಒಂದು ಕಟ್ಟಳೆಯಿದೆ: ಒಂದು ಕಿಲೋ ಪುಡಿಯ ಕಣಗಳ ಹೊರಮೈಯನ್ನೆಲ್ಲ ಕೂಡಿಸಿದರೆ ಕಡಿಮೆಯೆಂದರೂ 300 ಚದರ ಮೀಟರ್ ಆಗಬೇಕು. ಅಂದರೆ ಚೀಲಕ್ಕೆ 15,000 ಚದರ ಮೀಟರ್. ಪಹಣಿಯ ಲೆಕ್ಕದಲ್ಲಿ ಬರೆದರೆ 3 ಎಕರೆ 28 ಗುಂಟೆ. ನಮ್ಮ ಬಹುಪಾಲು ರೈತರ ಹಿಡುವಳಿಗಿಂತ ದೊಡ್ಡದು, ಒಂದು ಚೀಲದೊಳಗೆ.

ಈ ಲೆಕ್ಕವನ್ನು ಶಂಶಾಬಾದಿಗೆ ಒಯ್ಯೋಣ. ಹೈದರಾಬಾದಿನ ದಕ್ಷಿಣಕ್ಕೆ, ಬೆಂಗಳೂರು ಹೆದ್ದಾರಿಯ ಮೇಲಿರುವ ಈ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು 2008ರ ಮಾರ್ಚಿನಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ. ನಿಲ್ದಾಣದ ನೆಲ ಸುಮಾರು 5,500 ಎಕರೆ. ಅದರ ಬೇಲಿಯಾಚೆ ಹಳ್ಳಿಗಳಿವೆ, ಅಲ್ಲಿ ಸಣ್ಣ ಮನೆಗಳು ಏಳುತ್ತಲೇ ಇವೆ. ತೆಲಂಗಾಣ ಸರ್ಕಾರ 2024ರಲ್ಲಿ ಶುರು ಮಾಡಿದ ಇಂದಿರಮ್ಮ ವಸತಿ ಯೋಜನೆಯಲ್ಲಿ ಸ್ವಂತ ಜಾಗ ಇದ್ದವರಿಗೆ 5 ಲಕ್ಷ ರೂಪಾಯಿ ಸಿಗುತ್ತದೆ, ಮನೆ 400ರಿಂದ 600 ಚದರ ಅಡಿಯೊಳಗೆ ಇರಬೇಕು. 600 ಚದರ ಅಡಿಯದನ್ನೇ ತೆಗೆದುಕೊಳ್ಳಿ. ಚದರ ಅಡಿಗೆ 0.4 ಚೀಲ ಎಂಬುದು ಮೇಸ್ತ್ರಿಗಳ ಬಾಯಿಲೆಕ್ಕ. ಒಟ್ಟು 240 ಚೀಲ, 12 ಟನ್. ಅಷ್ಟು ಸಿಮೆಂಟಿನ ಹೊರಮೈ 890 ಎಕರೆ. ಇಂಥ ಆರೇಳು ಮನೆಗಳ ಸಿಮೆಂಟು ಇಡೀ ವಿಮಾನ ನಿಲ್ದಾಣದ ನೆಲಕ್ಕೆ ಸಮ!

ಇದು ಬರೀ ಅಂಕಿಯ ಚಮತ್ಕಾರವಲ್ಲ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರು ಕುಡಿದು. ಕಣದ ಹೊರಮೈಗೆ ನೀರು ತಾಗಿದಲ್ಲಿ ಹೊಸ ಹರಳು ಹುಟ್ಟುತ್ತದೆ, ಅದು ಪಕ್ಕದ ಮರಳಿಗೂ ಜಲ್ಲಿಗೂ ಬೇರಿಳಿಸಿ ಹಿಡಿಯುತ್ತದೆ. ಆ ಎಕರೆಗಳಿಗೆಲ್ಲ ನೀರು ಹಾಯಬೇಕು. ಬತ್ತದ ಗದ್ದೆಗೆ ಹಾಯಿಸುವಷ್ಟೇ ಕಾಳಜಿಯಿಂದ, ಒಂದು ದಿನವೂ ಬಿಡದೆ. ಹಾಗೆ ನೀರು ಕುಡಿಯುತ್ತಾ ಒಂದೊಂದು ಚೀಲ ಸಿಮೆಂಟು ಮೊದಲ ವಾರದಲ್ಲಿ ಹೊರಬಿಡುವ ಶಾಖ, ಸುಮಾರು 40 ಲೀಟರ್ ನೀರನ್ನು ಕುದಿಯುವ ತನಕ ಕಾಯಿಸುವಷ್ಟಿರುತ್ತದೆ. ಸ್ಲ್ಯಾಬ್ ಹಾಕಿದ ಮರುದಿನ ಬೆಳಿಗ್ಗೆ ಅಂಗೈ ಇಟ್ಟರೆ ಬೆಚ್ಚಗಿರುವುದು ಬಿಸಿಲಿಂದ ಮಾತ್ರವಲ್ಲ.

ಇಷ್ಟು ನಡೆದ ಮೇಲೆ ಸಿಗುವ ಬಲವೆಷ್ಟು? ಮನೆ ಕಟ್ಟುವ ಸಾಮಾನ್ಯ ಕಾಂಕ್ರೀಟು ಎಂ-20, ಅಂದರೆ ಒಂದು ಪಾಲು ಸಿಮೆಂಟು, ಒಂದೂವರೆ ಮರಳು, ಮೂರು ಜಲ್ಲಿ. ಪರೀಕ್ಷೆಗೆ 15 ಸೆಂಟಿಮೀಟರಿನ ಚೌಕ ಗಟ್ಟಿ ಮಾಡುತ್ತಾರೆ. ತೂಕ 8 ಕಿಲೋ, ಮಗುವೂ ತಬ್ಬಿಕೊಂಡು ಎತ್ತಬಹುದು. ಸರಿಯಾಗಿ ನೀರುಂಡಿದ್ದರೆ 28ನೆಯ ದಿನ ಅದು 45 ಟನ್ ಭಾರಕ್ಕೆ ಒಡೆಯದೆ ನಿಲ್ಲಬೇಕು. ತನ್ನ ತೂಕದ ಐದು ಸಾವಿರ ಪಟ್ಟಿಗೂ ಮೇಲೆ. ಮೊದಲ ದಿನದಿಂದಲೇ ನೀರು ಕಾಣದೆ ಒಣಗಿದ ಗಟ್ಟಿ ಇದರ ಅರ್ಧದ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅದೇ ಸಿಮೆಂಟು, ಅದೇ ಮರಳು, ಅದೇ ಮೇಸ್ತ್ರಿ. ಮೇಲಿಂದ ನೋಡಿದರೆ ಎರಡಕ್ಕೂ ಬಣ್ಣ ಒಂದೇ.

ಆ ಬಲ ಹುಟ್ಟುವ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶಂಶಾಬಾದ್ ಸುತ್ತಿನ ಕಟ್ಟಡಗಳ ಬಳಿ ನಿಂತರೆ ತೆಲುಗು, ಹಿಂದಿಯ ನಡುವೆ ಕನ್ನಡ ಕಿವಿಗೆ ಬೀಳುತ್ತದೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು. ಸ್ಲ್ಯಾಬ್ ಹಾಕುವ ದಿನ ನಸುಕಿನಲ್ಲೇ ಕಾಂಕ್ರೀಟು ಕಲಸುವ ಮಿಲ್ಲರ್ ತಿರುಗಲು ಶುರು. ಐದು ಇಂಚು ದಪ್ಪ, 600 ಚದರ ಅಡಿ ಎಂದರೆ 7 ಘನ ಮೀಟರ್ ಕಾಂಕ್ರೀಟು, ತೂಕ ಸುಮಾರು 16,800 ಕಿಲೋ. ಒಂದು ಬಾಂಡ್ಲಿಗೆ 20 ಕಿಲೋ ಹಿಡಿದರೂ 840 ಬಾಂಡ್ಲಿ. ಮಿಲ್ಲರಿನಿಂದ ಏಣಿ, ಏಣಿಯಿಂದ ಮಾಳಿಗೆ ತನಕ ಹತ್ತು ಜನ ಸಾಲಾಗಿ ನಿಂತರೆ ಒಂದೊಂದು ಬಾಂಡ್ಲಿಯೂ ಹತ್ತು ಕೈ ದಾಟುತ್ತದೆ. ಒಟ್ಟು 8,400 ಸಲ ಕೈ ಬದಲು. ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಸಾಗಿದ ಭಾರವನ್ನು ಕೂಡಿಸಿದರೆ 168 ಟನ್. ಕೆಳಗೆ ಉಸುಕು, ಕಂಕರ್, ಚೀಲ ಎತ್ತಿ ಮಿಲ್ಲರಿಗೆ ಸುರಿಯುವವರ ಭಾರ ಬೇರೆ. ಇದೆಲ್ಲ ಒಂದೇ ದಿನದಲ್ಲಿ ಮುಗಿಯಬೇಕು, ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಹಳೆ ಕಾಂಕ್ರೀಟು ಬಿರುಸಾಗಿ ಹೊಸದರ ಜೊತೆ ಬೆಸೆಯುವುದಿಲ್ಲ, ಮುಂದೆ ಅಲ್ಲೇ ಸೋರಿಕೆ.

ಮಧ್ಯಾಹ್ನದ ಹೊತ್ತಿಗೆ ಮಾಲು ಬೇಗ ಬಿಗಿಯುತ್ತದೆ, ಕೈಗಳು ಸೋತಿರುತ್ತವೆ. ಆಗ ಮೇಲಿಂದ ಒಂದು ಕೂಗು ಬರುತ್ತದೆ:

“ತಮ್ಮಾ, ಮಾಲ್ ಹರೀವಲ್ದು. ಇನ್ನೊಂದೀಟು ನೀರ್ ಹಾಕೋ.”

ಇಡೀ ಮನೆಯ ಹಣೆಬರಹ ಈ ಒಂದು ಮಾತಿನಲ್ಲಿದೆ. ಒಂದು ಚೀಲ ಸಿಮೆಂಟು ರಾಸಾಯನಿಕವಾಗಿ ಹಿಡಿದಿಟ್ಟುಕೊಳ್ಳುವ ನೀರು ಹನ್ನೆರಡು ಲೀಟರ್ ಆಸುಪಾಸು. ಕಲಸಿ ಹರಡುವುದಕ್ಕಾಗಿ ಹಾಕುವುದು ಸುಮಾರು 25. ಅದರ ಮೇಲೆ ಇನ್ನೂ 10 ಲೀಟರ್ ಹೋದರೆ, ಒಂದು ಕೊಡವೂ ಅಲ್ಲ ಅದು, ಬಲದಲ್ಲಿ ಮೂರನೇ ಒಂದು ಪಾಲು ಕುಸಿಯುತ್ತದೆ. ಹೆಚ್ಚಿನ ನೀರು ಮುಂದೆ ಆವಿಯಾಗಿ ಹೋಗುವಾಗ ತಾನಿದ್ದ ಜಾಗವನ್ನು ತೂತಾಗಿ ಬಿಟ್ಟು ಹೋಗುತ್ತದೆ. ಹಾಗೆ ಕೂಗಿದವನನ್ನು ಬೈಯಲು ನನಗೆ ಮನಸ್ಸಿಲ್ಲ. 40 ಡಿಗ್ರಿ ಬಿಸಿಲಿನಲ್ಲಿ ಐನೂರನೆಯ ಬಾಂಡ್ಲಿ ಹಿಡಿದವನಿಗೆ ಮಾಲು ಹಗುರಾಗಿ ಹರಿಯಲಿ ಅನ್ನಿಸುವುದು ಸಹಜ. ಬೇಕಾದದ್ದು ಇನ್ನೂ ನಾಲ್ಕು ಜನ ಆಳು, ಇಲ್ಲವೇ ನಸುಕಿಗಿಂತ ಮುಂಚೆ ಶುರು. ಮಾನಕವೂ ಇದನ್ನೇ ಹೇಳುತ್ತದೆ: ಗಾಳಿಯ ಬಿಸಿ 40 ಡಿಗ್ರಿ ದಾಟಿದರೆ ಅದು ವಿಶೇಷ ಎಚ್ಚರ ಬೇಕಾದ ಕೆಲಸ. ಶಂಶಾಬಾದಿನ ಮೇ ತಿಂಗಳು ಆ ಗೆರೆಯ ಮೇಲೆಯೇ ಓಡಾಡುತ್ತದೆ.

ದಖನ್ನಿನ ಈ ಪ್ರಸ್ಥಭೂಮಿ ಮರುಭೂಮಿಯಲ್ಲ. ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ನಿಜವಾದ ಮರುಭೂಮಿಯಾದ, 3,500 ಮೀಟರ್ ಎತ್ತರದ ಲೇಹ್‌ನಲ್ಲಿ 100 ಮಿಲಿಮೀಟರ್ ಬಿದ್ದರೆ ದೊಡ್ಡದು. ಅಲ್ಲಿ ಒಣಗಾಳಿಯ ಜೊತೆ ರಾತ್ರಿಯ ಹೆಪ್ಪೂ ಸೇರಿ ಕಾಂಕ್ರೀಟಿನ ಕೆಲಸ ಬೇಸಿಗೆಯ ಕೆಲವೇ ತಿಂಗಳಿಗೆ ಸೀಮಿತ. ಆದರೆ ಮಾರ್ಚಿನಿಂದ ಜೂನ್ ತನಕ, ನಮ್ಮವರು ಮನೆ ಕಟ್ಟುವುದೇ ಆಗ, ಶಂಶಾಬಾದಿನ ಗಾಳಿ ಮರುಭೂಮಿಯ ಗಾಳಿಯೇ. ತೆರೆದ ನೀರಿನಿಂದ ದಿನಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಹಾರಿಹೋಗುತ್ತದೆ. 600 ಚದರ ಅಡಿ ಸ್ಲ್ಯಾಬಿನ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಿದರೆ ದಿನಕ್ಕೆ 560 ಲೀಟರ್ ಆಕಾಶಕ್ಕೆ. ಬಿಸಿ, ಒಣ ಹವೆಯಲ್ಲಿ ಮಿಶ್ರ ಸಿಮೆಂಟಿನ ಕೆಲಸಕ್ಕೆ ಮಾನಕ ಕೇಳುವ ಕ್ಯೂರಿಂಗ್, ಅಂದರೆ ನೀರುಣಿಸುವ ಕೆಲಸ, 14 ದಿನ. ಒಟ್ಟು 7,800 ಲೀಟರ್. ಅದೇ ಸ್ಲ್ಯಾಬ್ ಕಲಸಲು ಬೇಕಾದ ನೀರು 1,400 ಲೀಟರ್ ಮಾತ್ರ. ಹುಟ್ಟುವಾಗ ಕುಡಿದದ್ದರ ಐದು ಪಟ್ಟಿಗೂ ಹೆಚ್ಚು ನೀರನ್ನು ಅದು ಹುಟ್ಟಿದ ಮೇಲೆ ಕೇಳುತ್ತದೆ.

ಇಷ್ಟು ನೀರು ಎಲ್ಲಿದೆ ಎಂದು ಕೇಳುವವರಿಗೆ ಶಂಶಾಬಾದಿನ ಪಕ್ಕದಲ್ಲೇ ಉತ್ತರವಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋದ ಮೇಲೆ ನಿಜಾಮರು ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲೇ ಪ್ರವಾಹ ತಡೆಯುವ ಜಲಾಶಯಗಳು ಬೇಕು ಎಂಬ ಅವರ ಸಲಹೆಯಿಂದ ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಎದ್ದವು. 1927ರಲ್ಲಿ ಮುಗಿದ ಹಿಮಾಯತ್ ಸಾಗರ ತುಂಬಿದರೆ ಸುಮಾರು 3 ಟಿಎಂಸಿ, ಅಂದರೆ 8,400 ಕೋಟಿ ಲೀಟರ್. ಇಂದಿರಮ್ಮ ಯೋಜನೆಯ ಮೊದಲ ಗುರಿ ರಾಜ್ಯಕ್ಕೆಲ್ಲ 4.5 ಲಕ್ಷ ಮನೆ. ಎಲ್ಲವೂ 600 ಚದರ ಅಡಿಯವೇ, ಎಲ್ಲವೂ ಕಡುಬೇಸಿಗೆಯಲ್ಲೇ ಸ್ಲ್ಯಾಬ್ ಕಂಡವು ಎಂದಿಟ್ಟುಕೊಂಡರೂ ಅಷ್ಟೂ ಸ್ಲ್ಯಾಬುಗಳ ಕ್ಯೂರಿಂಗಿಗೆ ಬೇಕಾಗುವುದು 351 ಕೋಟಿ ಲೀಟರ್. ಆ ಒಂದು ಕೆರೆಯ ನೂರಕ್ಕೆ ನಾಲ್ಕು ಪಾಲು! ಮನೆಯ ಬಲವನ್ನು ದುಪ್ಪಟ್ಟು ಮಾಡುವ ನೀರು ಇಷ್ಟು ಅಗ್ಗವಾಗಿರುವಾಗ ಅದನ್ನು ಉಳಿಸಲು ಹೋಗುವುದು ನನಗಂತೂ ಸಹಿಸಲಾಗದ ನಷ್ಟ.

ಇಟ್ಟಿಗೆಯ ಬಾಯಾರಿಕೆಯೂ ಕಡಿಮೆಯದಲ್ಲ. ಮೂರು ಕಿಲೋ ಇಟ್ಟಿಗೆ ತನ್ನ ತೂಕದ ಐದನೇ ಒಂದು ಪಾಲಿನ ತನಕ ನೀರು ಹೀರಿಕೊಳ್ಳಬಹುದು ಎಂದು ಮಾನಕವೇ ಒಪ್ಪುತ್ತದೆ. ಒಣ ಇಟ್ಟಿಗೆ ಇಟ್ಟರೆ ಅದು ಗಾರೆಯ ನೀರನ್ನೇ ಕುಡಿದುಬಿಡುತ್ತದೆ. ನಮ್ಮ 600 ಚದರ ಅಡಿಯ ಮನೆಗೆ 11,000 ಇಟ್ಟಿಗೆ ಬೇಕೆಂದರೆ 33 ಟನ್ ಒಣ ಬಾಯಿಗಳು. ಆದ್ದರಿಂದಲೇ ಹಳೆಯ ಮೇಸ್ತ್ರಿಗಳು ಇಟ್ಟಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ಎತ್ತಿ, ಮೈಯ ನೀರು ಆರಿದ ಮೇಲೆಯೇ ಕರಣೆ ಹಿಡಿಯುತ್ತಿದ್ದರು.

ಸ್ಲ್ಯಾಬ್ ಹಿಗ್ಗುವ ಲೆಕ್ಕವನ್ನೂ ಹೇಳದೆ ಬಿಡಲಾರೆ. ಚಳಿಗಾಲದ ರಾತ್ರಿಗೂ ಬೇಸಿಗೆಯ ಮಧ್ಯಾಹ್ನಕ್ಕೂ ಮಾಳಿಗೆಯ ಬಿಸಿಯಲ್ಲಿ 45 ಡಿಗ್ರಿ ವ್ಯತ್ಯಾಸ ಸುಲಭವಾಗಿ ಆಗುತ್ತದೆ. 30 ಅಡಿ ಉದ್ದದ ಸ್ಲ್ಯಾಬ್ ಅಷ್ಟರಲ್ಲಿ 4 ಮಿಲಿಮೀಟರ್ ಬೆಳೆಯುತ್ತದೆ. ಪಕ್ಕದ ನಿಲ್ದಾಣದ ರನ್‌ವೇ 4,260 ಮೀಟರ್. ಅಷ್ಟುದ್ದದ ಒಂದೇ ಕಾಂಕ್ರೀಟು ಪಟ್ಟಿ ಇದ್ದಿದ್ದರೆ ಆಳೆತ್ತರಕ್ಕಿಂತ ಹೆಚ್ಚು, 1.9 ಮೀಟರ್ ಹಿಗ್ಗುತ್ತಿತ್ತು. ಸಣ್ಣ ಮನೆಯಲ್ಲಿ ಗೋಡೆಯೂ ಸ್ಲ್ಯಾಬೂ ಕೂಡುವ ಕಡೆ ಅಡ್ಡಕ್ಕೆ ಬೀಳುವ ಬಿರುಕಿಗೆ ಆ 4 ಮಿಲಿಮೀಟರೇ ಸಾಕು.

ಈ ಸಿಮೆಂಟು ಎಲ್ಲಿಯದು? ಒಂದಷ್ಟು ನಮ್ಮದೇ. ವಾಡಿ, ಶಹಾಬಾದ್, ಸೇಡಂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಇವೆಲ್ಲ ಭೀಮಾ, ಕಾಗಿಣಾ ಸೀಮೆಯ ಸುಣ್ಣಕಲ್ಲಿನ ನೆಲ. ಅಲ್ಲಿಯ ಗೂಡುಗಳಲ್ಲಿ ಕಲ್ಲು 1,450 ಡಿಗ್ರಿಯಲ್ಲಿ ಬೇಯುತ್ತದೆ; ಶುದ್ಧ ಸುಣ್ಣಕಲ್ಲಾದರೆ ಟನ್ನಿಗೆ 440 ಕಿಲೋ ಇಂಗಾಲದ ಅನಿಲವಾಗಿ ಹಾರಿಹೋಗುತ್ತದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ಬಿತ್ತು. ಶಹಾಬಾದಿನ ಫರಸಿ ಕಲ್ಲು, ಆಮೇಲೆ ಸಿಮೆಂಟು, ಜೊತೆಗೆ ಗುಳೆ ಹೊರಟ ಜನ, ಎಲ್ಲಕ್ಕೂ ಅದೇ ದಿಕ್ಕು. ಹೊರಟವರು ಬಿಟ್ಟುಬಂದ ಮನೆಗಳು ಹೆಚ್ಚಾಗಿ ಮಣ್ಣಿನ ಮಾಳಿಗೆಯವು: ಎರಡಡಿ ಗೋಡೆ, ತೊಲೆಯ ಮೇಲೆ ಮೊಣಕೈಯುದ್ದ ಮಣ್ಣು. ಆ ಮಾಳಿಗೆ ಹಗಲ ಬಿಸಿಲನ್ನು ಒಳಗೆ ಬಿಡುವಷ್ಟರಲ್ಲಿ ರಾತ್ರಿ ಕಳೆದಿರುತ್ತದೆ. ಐದಿಂಚಿನ ಸ್ಲ್ಯಾಬ್ ನಾಲ್ಕು ತಾಸಿಗೇ ಬಿಟ್ಟುಬಿಡುತ್ತದೆ. ಸಂಜೆ ಆರಕ್ಕೆ ಕೂಲಿಯಿಂದ ಬಂದವರ ತಲೆಯ ಮೇಲೆ ಮಧ್ಯಾಹ್ನ ಎರಡರ ಸೂರ್ಯ.

ಸರ್ಕಾರದ ಹಣ ಹಂತ ಹಂತವಾಗಿ ಬರುತ್ತದೆ. ಅಡಿಪಾಯಕ್ಕೊಂದು ಫೋಟೋ, ಗೋಡೆಗೊಂದು, ಸ್ಲ್ಯಾಬಿಗೊಂದು. ಸ್ಲ್ಯಾಬ್ ಹಾಕಿದ ರಾತ್ರಿಯೇ ಮೇಸ್ತ್ರಿ ಮತ್ತು ಆಳುಗಳು ಬೇರೆ ಕೆಲಸಕ್ಕೆ ಹೊರಟಿರುತ್ತಾರೆ. ದಿನಕ್ಕೆ 560 ಲೀಟರ್ ಎಂದರೆ 15 ಲೀಟರಿನ 37 ಕೊಡ. ಮೋಟಾರು ಇಲ್ಲದ ಕಡೆ ಅವನ್ನು ಏಣಿ ಹತ್ತಿಸುವವಳು ಆ ಮನೆಯ ಹೆಂಗಸು. ಗೋಣಿತಾಟು ಹಾಸಿ ಮುಚ್ಚಿದರೆ ಕೊಡಗಳು ಕಡಿಮೆಯಾದಾವು, ದಿನಗಳು ಕಡಿಮೆಯಾಗುವುದಿಲ್ಲ. ಈ ದುಡಿಮೆಗೆ ಯಾವ ಕಂತೂ ಇಲ್ಲ, ಫೋಟೋವೂ ಇಲ್ಲ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಬಯಲುಸೀಮೆಯಲ್ಲಿ ನರೇಗಾದಿಂದ 90 ದಿನದ ಕೂಲಿ ಜೋಡಿಸಿದ ಕ್ರಮವಿತ್ತು. ಯೋಜನೆ ಯಾವುದೇ ಇರಲಿ, ಹೆಸರು ಏನೇ ಇರಲಿ, ಅಂಥ ಕೂಲಿಯಲ್ಲಿ 14 ದಿನವನ್ನು ನೀರುಣಿಸುವ ಕೆಲಸಕ್ಕೇ ಎಂದು ಬರೆದು, ಆ ಹೆಂಗಸಿನ ಹೆಸರಿಗೇ ಹಾಕಬೇಕು.