ಆರೋಗ್ಯವನ್ನು ಅರಸಿ ಕಡಲ ಮೇಲೆ

ದೀರ್ಘವಾದ ಕಾಯಿಲೆಯಿಂದ ಎದ್ದವರಿಗೆ, ಸ್ವಲ್ಪ ಕಾಲ ಹವೆ ಬದಲಾಯಿಸಿಕೊಂಡು ಬನ್ನಿ ಎಂದು ಹೇಳುವುದು ನಮ್ಮ ಹಿರಿಯ ವೈದ್ಯರ ರೂಢಿ. ಕೆಲವರು ಬೆಟ್ಟಕ್ಕೆ ಹೋಗುತ್ತಾರೆ, ಕೆಲವರು ತವರಿಗೆ ಹೋಗುತ್ತಾರೆ. ಭೂಮಧ್ಯ ಸಮುದ್ರದ ಸುತ್ತಣ ಜನ ಹಿಂದೆ ಹಡಗು ಹತ್ತುತ್ತಿದ್ದರು. ಮೆಡಿಟರೇನಿಯನ್ ಎಂಬ ಹೆಸರಿನಿಂದ ನಾವು ಭೂಗೋಳದ ಪುಸ್ತಕದಲ್ಲಿ ಓದಿದ ಆ ಸಮುದ್ರದಲ್ಲಿ ಇಂದೂ ಆರೋಗ್ಯಯಾತ್ರೆಯ ಹಡಗುಗಳು ಸಂಚರಿಸುತ್ತವೆ. ಅಂಥದೊಂದರಲ್ಲಿ ಹತ್ತು ದಿನಗಳನ್ನು ಕಳೆಯುವ ಅವಕಾಶ ನನಗೂ ನನ್ನ ಪತ್ನಿಗೂ ಒದಗಿತು. ಆಕೆ ಎರಡು ವರ್ಷ ಹಾಸಿಗೆ ಹಿಡಿದು ಎದ್ದಿದ್ದಳು. ಇನ್ನು ಇದಕ್ಕಿಂತ ಹೆಚ್ಚಿನ ಗುಣವನ್ನು ನಿರೀಕ್ಷಿಸಬೇಡಿ ಎಂದು ವೈದ್ಯರು ನನ್ನೊಬ್ಬನಿಗೆ ಮಾತ್ರ ಹೇಳಿದ್ದರು. ನಾನು ಅದನ್ನು ಆಕೆಗೆ ಹೇಳಿರಲಿಲ್ಲ. ಕಡಲ ಗಾಳಿ ಅಮ್ಮನಿಗೆ ಒಳ್ಳೆಯದು ಎಂದು ಹೊರದೇಶದಲ್ಲಿರುವ ಮಗ ಒತ್ತಾಯಪಡಿಸಿ ಟಿಕೆಟ್ಟು ಕಳುಹಿಸಿದ. ಕಡಲ ಗಾಳಿ ನಿಜವಾಗಿ ಏನು ಮಾಡಬಲ್ಲದು, ಏನು ಮಾಡಲಾರದು? ಈ ಪ್ರಶ್ನೆಗೆ ಆ ತೀರಗಳ ಹಳೆಯ ಕಲ್ಲುಗಳಿಂದ ನನಗೆ ದೊರೆತ ಉತ್ತರವನ್ನು ತಮ್ಮ ಮುಂದಿಡುತ್ತೇನೆ.

ಅಥೆನ್ಸಿನ ಬಂದರಾದ ಪಿರೇಯಸ್‌ನಿಂದ ಹೊರಟ ನಮ್ಮ ಹಡಗು ಒಂದು ತೇಲುವ ಊರಿನಂತಿತ್ತು. ಬೆಳಗಾದರೆ ಮೇಲಂತಸ್ತಿನ ಬಯಲಿನಲ್ಲಿ ಯೋಗಾಸನ. ಅದು ನಮ್ಮ ದೇಶದ ವಿದ್ಯೆ, ಕಲಿಸುತ್ತಿದ್ದವಳು ಮಾತ್ರ ಯೂರೋಪಿನ ತರುಣಿ. ಆಮೇಲೆ ಆವಿಸ್ನಾನ, ಮೈಗೆ ಎಣ್ಣೆ ತಿಕ್ಕುವುದು, ಉಪ್ಪುನೀರಿನ ಕೊಳ, ಅಳತೆಯ ಊಟ. ಎಲ್ಲರ ಬಾಯಲ್ಲಿಯೂ ಆರೋಗ್ಯದ ಮಾತೇ. ಕಾಯಿಲೆಯ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಈ ಚಿಕಿತ್ಸೆ ಇಂದಿನದಲ್ಲ. ಕ್ರಿ. ಶ. 1ನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ವೈದ್ಯಗ್ರಂಥವನ್ನು ರಚಿಸಿದ ಸೆಲ್ಸಸ್, ಕ್ಷಯರೋಗಿಗೆ ಶಕ್ತಿಯಿದ್ದರೆ ದೀರ್ಘವಾದ ಸಮುದ್ರಯಾನ ಹಿತವೆಂದೂ, ಇಟಲಿಯಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋಗುವುದು ಅದಕ್ಕೆ ತಕ್ಕುದೆಂದೂ ಹೇಳುತ್ತಾನೆ. ಅದೇ ಶತಮಾನದ ಹಿರಿಯ ಪ್ಲಿನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗಿಗಳು ಈಜಿಪ್ಟಿಗೆ ಹೋಗುವುದು ಆ ದೇಶಕ್ಕಾಗಿ ಅಲ್ಲ, ಅದರ ದಾರಿ ಉದ್ದವಾಗಿದೆ ಎಂಬುದಕ್ಕಾಗಿ ಎನ್ನುತ್ತಾನೆ. ಹಡಗಿನ ಹೊಯ್ದಾಟದಿಂದ ಬರುವ ವಾಂತಿ ಕೂಡ ತಲೆ, ಕಣ್ಣು, ಎದೆಗಳ ಬೇನೆಗೆ ಒಳ್ಳೆಯದಂತೆ! ಓಕರಿಕೆಗೆ ಇಂಗ್ಲಿಷಿನಲ್ಲಿರುವ 'ನಾಸಿಯಾ' ಎಂಬ ಮಾತು, ಗ್ರೀಕ್ ಭಾಷೆಯಲ್ಲಿ ಹಡಗು ಎಂಬ ಅರ್ಥದ 'ನೌಸ್' ಎಂಬುದರಿಂದ ಬಂದದ್ದು. ಸಂಸ್ಕೃತದ 'ನೌ', ನಮ್ಮ 'ನೌಕೆ' ಅದಕ್ಕೆ ದಾಯಾದಿಗಳು. ಪ್ಲಿನಿಯ ಈ ಔಷಧ ಮೊದಲ ರಾತ್ರಿಯೇ ನನಗೆ ಧಾರಾಳವಾಗಿ ಲಭಿಸಿತೆಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ನಾಫ್ಲಿಯೊ ಎಂಬ ಸೊಗಸಾದ ರೇವುಪಟ್ಟಣದಲ್ಲಿ ಇಳಿದು ಸುಮಾರು 30 ಕಿಲೋಮೀಟರು ಒಳನಾಡಿಗೆ ಹೋದರೆ ಎಪಿಡಾರಸ್ ಕ್ಷೇತ್ರ. ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಮುಖ್ಯ ಸ್ಥಾನ ಇದು. ಹಾವು ಸುತ್ತಿದ ದಂಡ ಆತನ ಲಾಂಛನ. ಪ್ರವಾಸಿಗಳೆಲ್ಲರೂ ನೋಡಬರುವುದು ಅಲ್ಲಿಯ ರಂಗಮಂದಿರವನ್ನು. 55 ಸಾಲುಗಳ ಕಲ್ಲಿನ ಆಸನಗಳಲ್ಲಿ 12,000ಕ್ಕೂ ಹೆಚ್ಚು ಜನ ಕೂಡಬಹುದು. ಕೆಳಗೆ ಆಡಿದ ಮಾತು ಮೇಲಿನ ಸಾಲಿಗೆ ಸ್ಪಷ್ಟವಾಗಿ ಮುಟ್ಟುತ್ತದೆ. ಆಸ್ಪತ್ರೆಯ ಆವರಣದಲ್ಲಿ ನಾಟಕಶಾಲೆ ಏಕೆ ಎಂದು ನಾವು ಕೇಳಬಹುದು. ಸ್ನಾನ, ವ್ಯಾಯಾಮ, ನಾಟಕ, ಸಂಗೀತ, ಪೂಜೆ, ನಿದ್ರೆ ಇವನ್ನು ಆ ಜನ ಬೇರೆ ಬೇರೆಯಾಗಿ ಕಾಣಲಿಲ್ಲ. ಯಾತ್ರಿಕರಿಗಾಗಿ 160 ಕೋಣೆಗಳ ಛತ್ರವೊಂದಿತ್ತು. ಅದರ ತಳಪಾಯ ಈಗಲೂ ಇದೆ.

ರೋಗಿ ಮಿಂದು, ಕಾಣಿಕೆಯೊಪ್ಪಿಸಿ, ರಾತ್ರಿ ಒಂದು ಪವಿತ್ರ ಮಂಟಪದಲ್ಲಿ ಮಲಗುತ್ತಿದ್ದ. ಕನಸಿನಲ್ಲಿ ದೇವರು ಬಂದು ಗುಣಪಡಿಸುವನೆಂದೋ ಔಷಧ ಹೇಳುವನೆಂದೋ ನಂಬಿಕೆ. ಗುಣವಾದವರ ಕಥೆಗಳನ್ನು ಕ್ರಿ. ಪೂ. 4ನೆಯ ಶತಮಾನದಲ್ಲಿ ಕಲ್ಲಿನಲ್ಲಿ ಕೆತ್ತಿಸಿದರು. ಸುಮಾರು 70 ಕಥೆಗಳು ಉಳಿದಿವೆ. ಒಂದು ಕಣ್ಣು ಕಾಣದ ಆಂಬ್ರೋಸಿಯ ಎಂಬ ಅಥೆನ್ಸಿನ ಹೆಂಗಸು ಈ ಕಥೆಗಳನ್ನು ಓದಿ ನಕ್ಕಳಂತೆ. ದೇವರು ಕನಸಿನಲ್ಲಿ ಬಂದು, ಕಣ್ಣು ಕೊಡುತ್ತೇನೆ, ಆದರೆ ನಿನ್ನ ಅಜ್ಞಾನದ ಗುರುತಾಗಿ ಬೆಳ್ಳಿಯ ಹಂದಿಯೊಂದನ್ನು ಒಪ್ಪಿಸಬೇಕು ಎಂದನಂತೆ. ನಮ್ಮ ದೇವಾಲಯಗಳಲ್ಲಿ ಹರಕೆಯ ಬೆಳ್ಳಿಗಣ್ಣುಗಳನ್ನು ಕಂಡವರಿಗೆ ಇದು ದೂರದ ಕಥೆಯೆನಿಸದು.

ಇನ್ನೊಂದು ಕಥೆ ಕ್ಲಿಯೊ ಎಂಬವಳದು. ಐದು ವರ್ಷ ಗರ್ಭ ಹೊತ್ತಿದ್ದ ಆಕೆ ಅಲ್ಲಿ ಮಲಗಿ ಎದ್ದು, ಕ್ಷೇತ್ರದ ಎಲ್ಲೆ ದಾಟಿದೊಡನೆಯೇ ಮಗನನ್ನು ಹೆತ್ತಳು. ಎಲ್ಲೆ ದಾಟಿದ ಮೇಲೆ ಎಂಬುದನ್ನು ಗಮನಿಸಬೇಕು. ಕ್ರಿ. ಶ. 2ನೆಯ ಶತಮಾನದಲ್ಲಿ ಗ್ರೀಸನ್ನು ಸುತ್ತಿ ಬರೆದ ಪೌಸೇನಿಯಸ್ ಇದರ ಕಾರಣ ತಿಳಿಸುತ್ತಾನೆ: ಆ ಆವರಣದೊಳಗೆ ಯಾರೂ ಹೆರುವಂತಿರಲಿಲ್ಲ, ಯಾರೂ ಸಾಯುವಂತಿರಲಿಲ್ಲ. ದಿನ ತುಂಬಿದವರು, ಉಸಿರು ಹೋಗುತ್ತಿರುವವರು ಬಯಲಿನಲ್ಲಿ, ಆಕಾಶದ ಕೆಳಗೆ ಇರಬೇಕಾಗಿತ್ತು. ಕೊನೆಗೆ ಪೌಸೇನಿಯಸ್‌ನ ಕಾಲದಲ್ಲಿಯೇ ಆಂಟೊನೈನಸ್ ಎಂಬ ರೋಮಿನ ಸೆನೆಟ್ ಸದಸ್ಯ ಅವರಿಗಾಗಿ ಒಂದು ಮನೆ ಕಟ್ಟಿಸಿದ.

ಇದನ್ನು ನಾನು ಪತ್ನಿಗೆ ವಿವರಿಸಿದೆ. ಆಕೆ ಒಂದು ಕಲ್ಲಿನ ಮೇಲೆ ಕುಳಿತು ಕೇಳಿ, "ಹಾಗಾದರೆ ನನ್ನನ್ನೂ ಹೊರಗೇ ನಿಲ್ಲಿಸುತ್ತಿದ್ದರು, ಅಲ್ಲವೆ?" ಎಂದಳು. ಆಕೆಗೆ ಎಲ್ಲವೂ ತಿಳಿದಿತ್ತೆಂಬುದು ನನಗೆ ಆ ಗಳಿಗೆಯಲ್ಲಿ ಅರಿವಾಯಿತು. ಉತ್ತರ ಹೇಳಲಾಗಲಿಲ್ಲ.

ಮುಂದಿನ ನಿಲುಗಡೆ ಕೋಸ್ ದ್ವೀಪ. ವೈದ್ಯರ ಪಿತಾಮಹನೆನಿಸಿದ ಹಿಪ್ಪೊಕ್ರಟೀಸ್ ಕ್ರಿ. ಪೂ. 460ರ ಸುಮಾರಿನಲ್ಲಿ ಹುಟ್ಟಿದ ಊರು. ಆತ ಪಾಠ ಹೇಳಿದನೆಂದು ತೋರಿಸುವ ಮರಕ್ಕೆ ವಾಸ್ತವವಾಗಿ ಕೆಲವು ನೂರು ವರ್ಷಗಳ ವಯಸ್ಸಷ್ಟೆ. ಮೂರು ಅಂತಸ್ತುಗಳಾಗಿ ಗುಡ್ಡದ ಮೇಲೆ ಹಬ್ಬಿರುವ ಅಸ್ಕ್ಲೀಪಿಯಸ್‌ನ ಕ್ಷೇತ್ರವೂ ಆತನ ಕಾಲದ ಅನಂತರ ಬೆಳೆದದ್ದು. ಆದರೆ ಆತನ ಹೆಸರಿನಲ್ಲಿ ಉಳಿದಿರುವ ಗ್ರಂಥಗಳು ಈ ಮರಕ್ಕಿಂತ ಗಟ್ಟಿಯಾದವು. ಅವುಗಳಲ್ಲೊಂದು, ಹೊಸ ಊರಿಗೆ ಬಂದ ವೈದ್ಯ ಮೊದಲು ಅಲ್ಲಿಯ ಗಾಳಿ, ನೀರು, ನೆಲೆಗಳನ್ನು ಪರಿಶೀಲಿಸಬೇಕೆನ್ನುತ್ತದೆ. ಹವೆ ಬದಲಾಯಿಸಬೇಕೆಂಬ ಮಾತಿನ ಬೇರು ಇಲ್ಲಿದೆ. ಇನ್ನೊಂದು, ರೋಗ ಮುಂದೆ ಹಿಡಿಯುವ ದಾರಿಯನ್ನು ವೈದ್ಯ ಮುಂಚಿತವಾಗಿ ಕಂಡು ರೋಗಿಯ ಎದುರಿನಲ್ಲಿಯೇ ಹೇಳಬೇಕೆನ್ನುತ್ತದೆ. ಆಗಲೇ ಜನಕ್ಕೆ ಆತನಲ್ಲಿ ವಿಶ್ವಾಸ ಬರುತ್ತದೆಯಂತೆ. ಆ ಗುಡ್ಡದ ಮೇಲಿನ ಅಂತಸ್ತಿನಲ್ಲಿ, ಕಡಲಿನಾಚೆಯ ತುರ್ಕಿಯ ತೀರವನ್ನು ನೋಡುತ್ತ, ನಾನು ವೈದ್ಯರ ಮಾತನ್ನು ಪತ್ನಿಗೆ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ನೀವೊಬ್ಬರೇ ಹೊತ್ತುಕೊಂಡು ಎಷ್ಟು ದಣಿದಿರಿ" ಎಂದಳು.

ಅಲ್ಲಿಂದ ಹಡಗು ಪಶ್ಚಿಮಕ್ಕೆ ತಿರುಗಿತು. ನೀರಲ್ಲದೆ ಬೇರೇನೂ ಕಾಣದ ಆ ದಿನಗಳಲ್ಲಿ ನನಗೆ ಇಬ್ಬರು ರೋಮನರು ನೆನಪಾಗುತ್ತಿದ್ದರು. ಹೋದಲ್ಲೆಲ್ಲ ನಿನ್ನನ್ನೇ ಹೊತ್ತುಕೊಂಡು ಹೋಗುವವನಿಗೆ ಪ್ರಯಾಣದಿಂದೇನು ಫಲ, ಬದಲಾಗಬೇಕಾದ್ದು ಮನಸ್ಸು, ಆಕಾಶವಲ್ಲ ಎಂಬರ್ಥದ ಮಾತನ್ನು ಸೆನೆಕ ತನ್ನ ಗೆಳೆಯನಿಗೆ ಬರೆದ. ಕಿರಿಯ ಪ್ಲಿನಿಯ ಪತ್ರವೊಂದರ ದನಿಯೇ ಬೇರೆ. ಆತನ ಮನೆಯಲ್ಲಿ ಜೋಸಿಮಸ್ ಎಂಬ ಬಿಡುಗಡೆ ಪಡೆದ ದಾಸನಿದ್ದ. ಒಳ್ಳೆಯ ವಾಚಕ, ನಟ. ಅಭಿನಯದ ಶ್ರಮದಿಂದ ರಕ್ತ ಕಾರತೊಡಗಿದಾಗ ಪ್ಲಿನಿ ಅವನನ್ನು ಈಜಿಪ್ಟಿಗೆ ಕಳುಹಿಸಿದ. ಚೇತರಿಸಿಕೊಂಡು ಬಂದವನಿಗೆ ಕೆಮ್ಮು ಮರುಕಳಿಸಿತು. ಈಗಿನ ಫ್ರಾನ್ಸಿನ ತೀರದಲ್ಲಿ ಗೆಳೆಯನ ಹೊಲಮನೆಯಿತ್ತು. ಅಲ್ಲಿಯ ಗಾಳಿ, ಹಾಲು ಒಳ್ಳೆಯವೆಂದು ಕೇಳಿ, ಇವನನ್ನು ಇರಿಸಿಕೊಳ್ಳಿ ಎಂದು ಬೇಡಿಕೊಂಡು ಪ್ಲಿನಿ ಬರೆದ ಪತ್ರ ಅದು. ಸೆನೆಕನ ಮಾತು ನಿಜ. ಆದರೆ ಪ್ಲಿನಿಯ ಪತ್ರದಲ್ಲಿ ರೋಗಿಯೊಬ್ಬನಿಗಾಗಿ ಮಿಡಿಯುವ ಜೀವವಿದೆ.

ನಮ್ಮ ಯಾನ ಮುಗಿದದ್ದು ರೋಮಿನ ರೇವಿನಲ್ಲಿ. ಕ್ರಿ. ಪೂ. 293ರಲ್ಲಿ ರೋಮಿಗೆ ಸಾಂಕ್ರಾಮಿಕ ರೋಗ ತಗುಲಿದಾಗ ದೂತರು ಹಡಗಿನಲ್ಲಿ ಎಪಿಡಾರಸ್‌ಗೆ ಹೋದರಂತೆ. ದೇವರ ಹಾವು ತಾನಾಗಿ ಹಡಗು ಹತ್ತಿ ಬಂದು ಟೈಬರ್ ನದಿಯ ದ್ವೀಪದಲ್ಲಿ ಇಳಿಯಿತೆಂದು ಐತಿಹ್ಯ. 291ರಲ್ಲಿ ಅಲ್ಲಿ ಗುಡಿಯಾಯಿತು. ದ್ವೀಪದ ಅಂಚನ್ನೇ ಹಡಗಿನ ಆಕಾರದಲ್ಲಿ ಕಲ್ಲಿನಿಂದ ಕಟ್ಟಿದರು. ಅದರ ತುಣುಕೊಂದು ಹಾವಿನ ಕೆತ್ತನೆಯೊಡನೆ ಇಂದಿಗೂ ಇದೆ. ಗುಡಿಯ ಸ್ಥಳದಲ್ಲಿ ಈಗ ಇಗರ್ಜಿ. ಪಕ್ಕದಲ್ಲಿ 16ನೆಯ ಶತಮಾನದ ಕೊನೆಯಿಂದ ನಡೆದುಬಂದಿರುವ ಆಸ್ಪತ್ರೆ. ಹೆರಿಗೆಗೆ ಅದು ಊರಲ್ಲಿ ಹೆಸರಾದದ್ದು. ಹೆರುವವರನ್ನೂ ಸಾಯುವವರನ್ನೂ ಹೊರಗಿಟ್ಟ ದೇವರು ಹಡಗಿನಿಂದ ಇಳಿದ ನೆಲದಲ್ಲಿ ಇಂದು ಇಬ್ಬರಿಗೂ ಹಾಸಿಗೆಯುಂಟು.

ಕಡಲ ಗಾಳಿಯಿಂದ ನನ್ನ ಪತ್ನಿಯ ಕಾಯಿಲೆ ಗುಣವಾಗಲಿಲ್ಲ. ಹಸಿವು ಸ್ವಲ್ಪ ಕೂಡಿತು, ನಿದ್ರೆ ಬಂತು. ಹಿರಿಯ ಪ್ಲಿನಿ ಹೇಳಿದ್ದು ಸರಿ, ನಮಗೆ ಬೇಕಾಗಿದ್ದದ್ದು ದಾರಿಯ ಉದ್ದವೇ. ಎರಡು ವರ್ಷ ಮನೆಯಲ್ಲಿ ಆಡಲಾಗದ ಮಾತನ್ನು ಆಡುವಷ್ಟು ಉದ್ದದ ದಾರಿ ಅದಾಗಿತ್ತು. ಆಸ್ಪತ್ರೆಯ ಎದುರಿನ ಸೇತುವೆಯ ಮೇಲೆ, ಬಟ್ಟೆಯಲ್ಲಿ ಸುತ್ತಿದ ಹಸುಗೂಸನ್ನು ಎತ್ತಿಕೊಂಡು ದಂಪತಿಗಳಿಬ್ಬರು ನಮ್ಮ ಕಡೆಗೆ ಬಂದರು. ನನ್ನ ಪತ್ನಿ ಬದಿಗೆ ಸರಿದು ಅವರಿಗೆ ದಾರಿ ಬಿಟ್ಟಳು.

(ಬಾನುಲಿ ಭಾಷಣ)