ಗೋಡೆಯೊಳಗಿನ ಕೊಂಡಿ

ಕಲಬುರಗಿಯ ಹಳೆಯ ಓಣಿಗಳಲ್ಲೂ ಕಮಲಾಪುರದ ಸುತ್ತಿನ ಹಳ್ಳಿಗಳಲ್ಲೂ ದಪ್ಪ ಕಲ್ಲುಗೋಡೆಯ ಮಾಳಿಗೆ ಮನೆಗಳು ಇನ್ನೂ ಉಳಿದಿವೆ. ಈ ಸೀಮೆಯ ಬಿಸಿಲಿಗೆ ಅವುಗಳಷ್ಟು ತಂಪಾದ ಮನೆ ಬೇರೊಂದಿಲ್ಲ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತ ಮಲಗಿದ್ದವರ ಮೇಲೆ ಕುಸಿದದ್ದು ಇಂಥವೇ ಮನೆಗಳು. ಸತ್ತವರು ಸುಮಾರು 10,000. ನೇರ ಅಳೆದರೆ ಕಿಲ್ಲಾರಿ ಕಲಬುರಗಿಗೆ ನೂರು ಕಿಲೋಮೀಟರ್ ದೂರವೂ ಇಲ್ಲ. 2021ರ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯ ಗಡಿಕೇಶ್ವಾರದ ನೆಲವೇ 4.1ರ ತೀವ್ರತೆಯಲ್ಲಿ ನಡುಗಿತು.

ಕಲ್ಲನ್ನು ದೂರಬೇಕಿಲ್ಲ. ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು, ಮಣ್ಣು: ಕಣ್ಣಿಗೆ ಒಂದಾದರೂ ಇವು ಎರಡು ಗೋಡೆಗಳು. ನೆಲ ಅಲುಗಿದೊಡನೆ ಹೊರಸಾಲು ಹೊಟ್ಟೆ ಬಿಟ್ಟು ಕಳಚಿಕೊಳ್ಳುತ್ತದೆ. ಅದರ ಮೇಲೆ, ಸೋರದಿರಲೆಂದು ವರ್ಷವರ್ಷವೂ ಹೇರುತ್ತ ಬಂದ ಮಾಳಿಗೆಯ ಮಣ್ಣಿನ ಭಾರ.

ಕಿಲ್ಲಾರಿಯ ನಂತರ ಎಂಜಿನಿಯರರೂ ಗೌಂಡಿಗಳೂ ಕೂಡಿ ರೂಢಿಗೆ ತಂದ ಉಪಾಯ ನನಗೆ ಬಹಳ ಮೆಚ್ಚುಗೆ. ಗೌಂಡಿ ಗೋಡೆಯನ್ನು ಒಡೆಯುವುದಿಲ್ಲ. ಒಂದು ಕಲ್ಲನ್ನು ಸಲಾಕೆಯಿಂದ ಮೆಲ್ಲಗೆ ಸಡಿಲಿಸಿ ತೆಗೆಯುತ್ತಾನೆ, ಒಳಗಿನ ಮಣ್ಣನ್ನು ಕೈಯಿಂದ ಕೆದರುತ್ತ ಆಚೆ ಬದಿ ಮುಟ್ಟುತ್ತಾನೆ. ಬಡಿದರೆ ಪಕ್ಕದ ಕಲ್ಲುಗಳೂ ಜರುಗುತ್ತವೆ, ಹಾಗಾಗಿ ಇಲ್ಲಿ ಬೇಕಾದದ್ದು ತಾಳ್ಮೆ. ಆ ತೂತಿನಲ್ಲಿ ಎರಡೂ ತುದಿ ಬಾಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿ, ದಿನಗಟ್ಟಲೆ ನೀರುಣಿಸುತ್ತಾನೆ. ಗೋಡೆಯುದ್ದಕ್ಕೂ ಇಂಥ ಕೊಂಡಿಗಳು ಬಿದ್ದಾಗ ಎರಡು ಸಾಲು ಒಂದಾಗುತ್ತವೆ. ಮೂಲೆಗಳಿಗೆ ತಂತಿಜಾಲಿ ಹಾಕಿ ಸಿಮೆಂಟಿನ ಗಿಲಾವು, ಕಂಬ-ತೊಲೆ ಕೂಡುವಲ್ಲಿ ಓರೆ ಆಸರೆ. ಹೊಸ ಗೋಡೆಯಾದರೆ ಇನ್ನೂ ಸುಲಭ: ಎರಡು ಅಡಿ ಎತ್ತರಕ್ಕೊಮ್ಮೆ, ನಾಲ್ಕು ಅಡಿ ಅಂತರದೊಳಗೆ, ಗೋಡೆಯ ದಪ್ಪದಷ್ಟೇ ಉದ್ದದ ಕಲ್ಲೊಂದನ್ನು ಅಡ್ಡ ಇಟ್ಟರಾಯಿತು, ಬಾಗಿಲ ಮೇಲ್ಮಟ್ಟದಲ್ಲಿ ಮನೆ ಸುತ್ತ ಕಡಿಯದ ಕಾಂಕ್ರೀಟ್ ಪಟ್ಟಿ.

ಭೂಕಂಪದ ನಂತರ ಅಲ್ಲಿ ನಡೆದ ವಿಶ್ವಬ್ಯಾಂಕಿನ ನೆರವಿನ ದುರಸ್ತಿ ಯೋಜನೆಯಲ್ಲಿ ಹಣ ಗುತ್ತಿಗೆದಾರರಿಗೆ ಹೋಗದೆ ಕಂತುಕಂತಾಗಿ ಮನೆಯವರ ಕೈಗೇ ಬಂತು. ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಹಳ್ಳಿಯ ಹೆಣ್ಣುಮಕ್ಕಳನ್ನು ಸಂವಾದ ಸಹಾಯಕಿಯರಾಗಿ ಸಜ್ಜುಗೊಳಿಸಿತು. ಯೋಜನೆಯ ನಿಯಮಗಳನ್ನು ಊರಿಗೆ ತಿಳಿಸುವುದು, ಕಟ್ಟಡದ ಕೆಲಸದ ಮೇಲೆ ಕಣ್ಣಿಡುವುದು ಅವರ ಪಾಲಾಯಿತು. ಮನೆಯನ್ನು ಬಳಸುವವರೇ ಅದನ್ನು ಪರೀಕ್ಷಿಸಬಲ್ಲವರಾದದ್ದು ಈ ಕಸುಬಿನಷ್ಟೇ ದೊಡ್ಡ ಗಳಿಕೆ. ಆದರೂ ಭಯ ಗೆದ್ದಿತು. ಹಲವರು ಹಳೆಯ ಗೋಡೆ ಬಲಪಡಿಸುವ ಬದಲು ಇಟ್ಟಿಗೆಯ ಹೊಸ ಕೋಣೆ ಕಟ್ಟಿಕೊಂಡರು. ಕಣ್ಣೆದುರೇ ಕಲ್ಲು ಉರುಳಿದ್ದನ್ನು ಕಂಡವರನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು.

ನಮ್ಮಲ್ಲಿ ಇನ್ನೂ ಸಮಯವಿದೆ. ತಿಳಿದ ಎಂಜಿನಿಯರರಿಗೆ ಒಮ್ಮೆ ತೋರಿಸಿ, ಬೇಸಿಗೆಯಲ್ಲೇ ಮಾಳಿಗೆಯ ಹೆಚ್ಚಿನ ಮಣ್ಣಿಳಿಸಿ, ಸೋರದಂತೆ ಪ್ಲಾಸ್ಟಿಕ್ ಹಾಳೆ ಹಾಸಿ ತೆಳುವಾಗಿ ಮುಚ್ಚಬಹುದು. ಇದಕ್ಕೆ ಬೇಕಾದದ್ದು ಬುಟ್ಟಿ, ಸಲಿಕೆ, ನಾಲ್ಕು ಮನೆಯವರ ಕೈ. ಕೊಂಡಿಗಳನ್ನು ಕೈಯಲ್ಲಿ ದುಡ್ಡಾದಂತೆ ಒಂದೊಂದು ಗೋಡೆಗೆ ಹಾಕಿಸುತ್ತ ಹೋಗಬಹುದು, ಮಲಗುವ ಕೋಣೆಯಿಂದ ಮೊದಲು.